‘ಮುಗಿಯಿತು’ ಎನ್ನದ ಯಾರ್ಡು

ನನಗೆ ಸಿಟ್ಟು ಬಂದರೆ ಬೈಯುವುದಿಲ್ಲ. ಬಾಯಿ ಮುಚ್ಚಿಕೊಂಡು, ಬೇರೆ ಯಾರೂ ಓದದ ಕಾಗದವನ್ನು ಮೊದಲ ಸಾಲಿನಿಂದ ಓದುತ್ತೇನೆ. ನನ್ನ ಗಂಡ ಕಮರುದ್ದೀನ್ ಬೈಗುಳಕ್ಕಿಂತ ಇದಕ್ಕೇ ಹೆಚ್ಚು ಹೆದರುತ್ತಾರೆ. ಹೋದ ಮೇ ತಿಂಗಳ ಕೊನೆಯ ಶನಿವಾರ ನನಗೆ ಅಂಥ ಸಿಟ್ಟು ಬಂದಿತ್ತು, ಮತ್ತು ಅವತ್ತು ನಾನು ಗೆದ್ದೆ. ಗೆದ್ದದ್ದನ್ನು ಗೆದ್ದೆ ಎಂದೇ ಹೇಳುತ್ತೇನೆ. ವಿನಯ ಬೇಕಾದವರು ಬೇರೆ ಕಡೆ ಹುಡುಕಿಕೊಳ್ಳಲಿ.

ನಾನು ಮುಮ್ತಾಝ್. ಮನೆ ಕುದ್ರೋಳಿಯಲ್ಲಿ, ಕೆಲಸ ಬೋಳಾರದ ಹೊಳೆಬದಿಯಲ್ಲಿ, ಮೋಹನದಾಸಣ್ಣನ ಬೋಟ್ ಯಾರ್ಡಿನ ಆಫೀಸಿನಲ್ಲಿ. ಮೀನು ಹಿಡಿಯುವ ದೊಡ್ಡ ಬೋಟುಗಳು ನಮ್ಮಲ್ಲಿಗೆ ರಿಪೇರಿಗೆ ಬರುತ್ತವೆ. ಜೂನ್ ಒಂದರಿಂದ ಎರಡು ತಿಂಗಳು ಅವು ಕಡಲಿಗೆ ಇಳಿಯುವಂತಿಲ್ಲ ಎಂದು ಕಾನೂನು. ಹಾಗಾಗಿ ಆಗಲೇ ಎಲ್ಲವೂ ಒಟ್ಟಿಗೆ ದಡ ಹತ್ತುತ್ತವೆ, ಎಲ್ಲರಿಗೂ ತಮ್ಮ ಬೋಟೇ ಮೊದಲು ಆಗಬೇಕು. ಯಾವ ಬೋಟಿನ ಯಾವ ಕೆಲಸ, ಯಾರ ಕೈಯಲ್ಲಿದೆ, ಎಲ್ಲಿಯವರೆಗೆ ಬಂತು ಎಂಬುದನ್ನು ಹನ್ನೊಂದು ವರ್ಷಗಳಿಂದ ಒಂದು ಸಾಫ್ಟ್‌ವೇರಿನಲ್ಲಿ ಬರೆದಿಡುತ್ತಿದ್ದೇವೆ. ಪುಕ್ಕಟೆ ಸಿಗುವ ಸಾಫ್ಟ್‌ವೇರ್. ವೀಡಿಯೊ ನೋಡಿ ಕಲಿತು ಅದನ್ನು ನಮ್ಮದೇ ಕಂಪ್ಯೂಟರಿನಲ್ಲಿ ಕೂರಿಸಿದವಳು ನಾನು.

ಅದರೊಳಗಿನ ನಿಜವಾದ ಆಸ್ತಿ ವಿಲ್ಲಿ ಮೇಸ್ತ್ರಿಯ ಮಾತು. ಮರದ ಕೆಲಸಕ್ಕೆಲ್ಲ ಅವರೇ ಹಿರಿಯರು. ಅವರು ಬರೆಯುವವರಲ್ಲ, ಹೇಳುವವರು. ಸಂಜೆ ನಾಲ್ಕಕ್ಕೆ ಚಾ ಕುಡಿಯಲು ಬಂದು ನಿಂತುಕೊಂಡೇ ಹೇಳುತ್ತಾರೆ, ನಾನು ಟೈಪ್ ಮಾಡುತ್ತೇನೆ. ಮರದ ಬೋಟಿಗೆ ಈಗ ಹೊರಗಿನಿಂದ ಫೈಬರ್ ಹೊದಿಸುತ್ತಾರೆ. ಹೊದಿಸಿದ ಮೇಲೆ ಒಳಗೆ ಎಲ್ಲಿ ಹೊಸ ಹಲಗೆ, ಎಲ್ಲಿ ಹಳೆಯ ಬೋಲ್ಟು ಎಂದು ಯಾರಿಗೂ ಕಾಣುವುದಿಲ್ಲ. ದೇವರಿಗೆ ಗೊತ್ತು, ವಿಲ್ಲಿ ಮೇಸ್ತ್ರಿಗೆ ಗೊತ್ತು. ಆದರೆ ಮೇಸ್ತ್ರಿಗೆ ಅರುವತ್ತೊಂಬತ್ತು ತುಂಬಿತು, ಎರಡು ವರ್ಷಗಳಿಂದ ಅವರು ಮರೆಯತೊಡಗಿದ್ದಾರೆ. ಅದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ನಾನಂತೂ ಆ ಕಂಪ್ಯೂಟರನ್ನು ಮಗುವಿನ ಹಾಗೆ ನೋಡಿಕೊಳ್ಳುತ್ತಿದ್ದೆ.

ಈ ವರ್ಷ ಅದು ದಿನಕ್ಕೆ ಮೂರು ಸಲ ಆಫ್ ಆಗತೊಡಗಿತು. ಹೊಸ ಕಂಪ್ಯೂಟರ್ ತಂದೆವು. ಅದರಲ್ಲಿ ನಮ್ಮ ಹಳೆಯ ಆವೃತ್ತಿ ಓಡುವುದೇ ಇಲ್ಲ, ಹೊಸದನ್ನೇ ಹಾಕಬೇಕು. ಇಲ್ಲಿ ದೀಪೇಶ್ ಬಂದ. ದೀಪೇಶ್ ಎಂದರೆ ಮೋಹನದಾಸಣ್ಣನ ಅಳಿಯ. ಹತ್ತು ವರ್ಷ ಶಾರ್ಜಾದ ಶಿಪ್‌ಯಾರ್ಡಿನಲ್ಲಿದ್ದು, ಈಗ ನಮ್ಮ ಯಾರ್ಡಿಗೆ ಪಾಲುದಾರನಾಗಿ ಸೇರಿದ್ದಾನೆ. ಕೆಟ್ಟವನಲ್ಲ. ಆದರೆ ‘ಶಾರ್ಜಾದಲ್ಲಿ’ ಎಂದು ಶುರುಮಾಡದ ಒಂದು ವಾಕ್ಯವನ್ನೂ ನಾನು ಅವನಿಂದ ಕೇಳಿಲ್ಲ. ಅವನು ಬಲ್ಮಠದಿಂದ ಒಬ್ಬ ಕಂಪ್ಯೂಟರ್ ಎಂಜಿನಿಯರನ್ನು ಕರೆಸಿದ. ಆ ಮಹಾಶಯ ಒಂದು ದಿನ ಕೂತು, ಕಾಫಿ ಮೂರು ಸಲ ಕುಡಿದು, ಹಳೆಯ ಮಾಹಿತಿ ಕೆಟ್ಟುಹೋಗಿದೆ, ಹೊಸ ಆವೃತ್ತಿಗೆ ಏರುವುದಿಲ್ಲ ಎಂದು ಹೇಳಿ ಎದ್ದು ಹೋದ.

“ಶಾರ್ಜಾದಲ್ಲಿ ಎಲ್ಲ ಆನ್‌ಲೈನ್, ಮುಮ್ತಾಝಕ್ಕ,” ಎಂದ ದೀಪೇಶ್. “ಸೋಮವಾರದಿಂದ ನಾವೂ ಆನ್‌ಲೈನಿಗೆ ಹೋಗುವ. ಖಾಲಿಯಿಂದ ಶುರು. ಹಳೆಯದ್ದು ಎಂತಕ್ಕೆ? ಗುಜರಿ ಅದು.”

“ಮೇಸ್ತ್ರಿ ಹೇಳಿದ್ದೆಲ್ಲ ಉಂಟಲ್ಲ ಅದ್ರಲ್ಲಿ?”

“ಮೇಸ್ತ್ರಿಯೇ ಇದ್ದಾರಲ್ಲ, ಕೇಳಿದ್ರೆ ಹೇಳ್ತಾರೆ.”

ಮೋಹನದಾಸಣ್ಣ ನನ್ನ ಮುಖ ನೋಡಿ, “ಶನಿವಾರ ಸಂಜೆಯವರೆಗೆ ನೀನೇ ನೋಡು ಮಾರಾಯ್ತಿ. ಆಗದಿದ್ರೆ ಅವ ಹೇಳಿದ ಹಾಗೆ ಮಾಡುವ,” ಎಂದರು.

ಶನಿವಾರ ಬೆಳಿಗ್ಗೆ ಎಂಟಕ್ಕೇ ಆಫೀಸಿನ ಬೀಗ ತೆಗೆದೆ. ಮೊದಲು ಎಲ್ಲದಕ್ಕೂ ಎರಡೆರಡು ನಕಲು ಮಾಡಿಕೊಂಡೆ, ಬರೆದದ್ದು ಬೇರೆ, ಫೋಟೊಗಳು ಬೇರೆ. ಒಂದು ನಕಲನ್ನು ಬ್ಯಾಗಿಗೆ ಹಾಕಿಕೊಂಡೆ. ಇನ್ನೊಂದನ್ನು ಹೊಸ ಕಂಪ್ಯೂಟರಿಗೆ ಇಳಿಸಿ, ಹೊಸ ಆವೃತ್ತಿಗೆ ಏರಿಸುವ ಆಜ್ಞೆ ಕೊಟ್ಟೆ. ಹಳೆಯ ಪಟ್ಟಿಗಳನ್ನೆಲ್ಲ ಹೊಸ ಅಳತೆಗೆ ತರಲು ಅದು ಇನ್ನೂರು ಚಿಲ್ಲರೆ ಹೆಜ್ಜೆಗಳನ್ನು ತಾನೇ ಇಡುತ್ತದೆ. ನೂರ ಹನ್ನೆರಡನೆಯ ಹೆಜ್ಜೆಗೆ ನಿಂತಿತು. ಪರದೆ ತುಂಬ ಕೆಂಪು ಅಕ್ಷರ. ಎಂಜಿನಿಯರನಿಗೂ ಅಲ್ಲಿಯೇ ನಿಂತದ್ದು.

ಮತ್ತೆ ಮಾಡಿದೆ. ಮತ್ತೆ ನೂರ ಹನ್ನೆರಡು. ದೀಪೇಶ್ ಬಾಗಿಲಲ್ಲಿ ಇಣುಕಿ, “ನಾನು ಹೇಳಿದ್ದಲ್ವಾ?” ಎಂದು ನಕ್ಕು ಹೋದ. ಆಗ ಬಂತು ನೋಡಿ, ಸಿಟ್ಟು.

ಆ ಕೆಂಪು ಅಕ್ಷರಗಳ ವರದಿಯನ್ನು ಪೂರ್ತಿ ಪ್ರಿಂಟ್ ತೆಗೆದೆ. ಇಪ್ಪತ್ತಾರು ಹಾಳೆ. ಬೋಟಿನೊಳಗೆ ನೀರು ನಿಂತರೆ ಮೇಸ್ತ್ರಿ ಯಾವತ್ತೂ ನೀರು ನಿಂತ ಜಾಗವನ್ನು ನೋಡುವುದಿಲ್ಲ. ಮುಂಭಾಗದಿಂದ ಶುರುಮಾಡಿ ಒಂದೊಂದೇ ಹಲಗೆ ತಡವುತ್ತ ಬರುತ್ತಾರೆ. ಎಂಜಿನಿಯರ್ ಕೊನೆಯ ಸಾಲು ಓದಿ ಹೋಗಿದ್ದ. ನಾನು ಮೊದಲನೆಯ ಸಾಲಿಗೆ ಬೆರಳಿಟ್ಟೆ. ಹತ್ತೊಂಬತ್ತನೆಯ ಹಾಳೆಗೆ ಬರುವಾಗ ಮಧ್ಯಾಹ್ನ ಒಂದು ಗಂಟೆ. ಅಲ್ಲಿ ಸಿಕ್ಕಿತು. ಮುಗಿದ ಕೆಲಸಗಳು ಯಾವ ದಿನ ಮುಗಿದವು ಎಂದು ಗುರುತಿಸುವ ಹೆಜ್ಜೆ ಅದು. ಅದಕ್ಕಾಗಿ ಸಾಫ್ಟ್‌ವೇರ್ ‘ಮುಗಿದದ್ದು’ ಎಂಬ ಗುರುತನ್ನು ಹುಡುಕುತ್ತಿತ್ತು. ನಮ್ಮಲ್ಲಿ ಅಂಥ ಗುರುತೇ ಇರಲಿಲ್ಲ. ಹನ್ನೊಂದು ವರ್ಷ, ಮೂರು ಸಾವಿರ ಕೆಲಸ, ಒಂದೂ ಮುಗಿದಿಲ್ಲ!

ನಾನು ಕುರ್ಚಿಗೆ ಒರಗಿ ಜೋರಾಗಿ ನಕ್ಕುಬಿಟ್ಟೆ. ಅಪರಾಧಿ ಸಿಕ್ಕಿದ್ದಳು. ನಾನೇ.

ಮೊದಲ ವರ್ಷದ ಮಾತು. ಒಂದು ಬೋಟು ನೀರಿಗಿಳಿದ ದಿನ ನಾನು ಅದರ ಕೆಲಸಕ್ಕೆ ‘ಮುಗಿಯಿತು’ ಎಂದು ಗುರುತು ಹಾಕಿ, ಮೇಸ್ತ್ರಿಗೆ ಹೆಮ್ಮೆಯಿಂದ ತೋರಿಸಿದೆ. ಅವರ ಮುಖ ಕೆಂಪಾಯಿತು. “ಮುಗಿಯಿತು ಅಂತ ಬೋಟಿನ ಮೇಲೆ ಬರೆಯುದಾ? ಕೆಲಸ ಮುಗಿದ ಬೋಟು ಎಲ್ಲುಂಟು ಹೇಳು? ಗುಜರಿಗೆ ಒಡೆಯುವವರ ಹತ್ರ ಮಾತ್ರ! ಜನ ಕೂತು ಕಡಲಿಗೆ ಹೋಗುದು ಅದರಲ್ಲಿ!” ಚಾ ಕುಡಿಯದೆ ಹೊರಟುಹೋದರು. ನಮ್ಮ ಯಾರ್ಡಿನಲ್ಲಿ ಆ ಮಾತನ್ನು ಬಾಯಲ್ಲೂ ಹೇಳುವ ಪದ್ಧತಿ ಇಲ್ಲವೆಂದು ನನಗೆ ಆಮೇಲೆ ಗೊತ್ತಾಯಿತು. ‘ಬೋಟು ತಯಾರು’ ಎನ್ನಬಹುದು, ಅಷ್ಟೇ. ಮೋಹನದಾಸಣ್ಣನೂ ತೆಗೆದುಬಿಡು ಎಂದರು. ತೆಗೆಯಲು ಸಾಫ್ಟ್‌ವೇರ್ ಒಪ್ಪಲಿಲ್ಲ. ನಾನಾಗ ಎರಡು ಆಜ್ಞೆ ಹೊಸದಾಗಿ ಕಲಿತಿದ್ದೆ, ಅದರ ಅಮಲು ಇತ್ತು. ಮುಂಬಾಗಿಲು ಬಿಟ್ಟು ಹಿಂಬಾಗಿಲಿನಿಂದ ಒಳಗೆ ನುಗ್ಗಿ ಆ ಗುರುತನ್ನು ಬೇರುಸಹಿತ ಕಿತ್ತುಹಾಕಿದೆ. ಮರೆತೂಬಿಟ್ಟೆ.

ಮೋಹನದಾಸಣ್ಣ ಮತ್ತು ದೀಪೇಶ್ ಇಬ್ಬರನ್ನೂ ಕರೆದು ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ತಪ್ಪು ನನ್ನದು ಎಂದೂ ಹೇಳಿದೆ. ಹೇಳುವಾಗ ಕಿವಿ ಬಿಸಿಯಾಯಿತು ನಿಜ.

“ಹಾಗಾದ್ರೆ ಆ ಗುರುತು ವಾಪಸ್ ಹಾಕಿ ಬಿಡಿ,” ಎಂದ ದೀಪೇಶ್. “ಎರಡು ನಿಮಿಷದ ಕೆಲಸ.”

“ಮೇಸ್ತ್ರಿಯನ್ನು ಕೇಳದೆ ಹಾಕ್ಬೇಡ,” ಎಂದರು ಮೋಹನದಾಸಣ್ಣ.

ನಾನೂ ಕೇಳದೆ ಹಾಕುವವಳಲ್ಲ. ಒಮ್ಮೆ ಅವರಿಗೆ ನೋವು ಮಾಡಿದ್ದು ಸಾಕಾಗಿತ್ತು. ಯಾರ್ಡಿಗೆ ಹೋದೆ. ಮೇಸ್ತ್ರಿ ಒಂದು ಬೋಟಿನ ಅಡಿಯಲ್ಲಿ ಕೂತು ಹಲಗೆಗಳ ಸಂದಿಗೆ ಹತ್ತಿಯ ನೂಲು ಒತ್ತುತ್ತಿದ್ದರು. ಬಗ್ಗಿ ಕೂತು ಎಲ್ಲ ಹೇಳಿದೆ.

“ಮೇಸ್ತ್ರಿ, ಕಂಪ್ಯೂಟರಿಗೆ ಒಂದು ಕೊನೆ ಬೇಕಂತೆ. ಕೊನೆ ಇಲ್ಲದೆ ಅದು ಮುಂದೆ ಹೋಗುದಿಲ್ಲ. ಒಳಗೆ ಒಂದು ಗುರುತು ಹಾಕ್ಲೇಬೇಕು. ಹೊರಗೆ ಕಾಣುವ ಹೆಸರು ಮಾತ್ರ ನಾವು ಎಂತ ಬೇಕಾದ್ರೂ ಇಡ್ಬಹುದು. ಎಂತ ಇಡುವ?”

ಅವರು ಉಳಿ ಕೆಳಗಿಟ್ಟರು. ಬೇಡ ಎಂದರೆ ಏನು ಮಾಡುವುದೆಂದು ನನಗೆ ನಿಜವಾಗಿ ಹೆದರಿಕೆಯಾಯಿತು.

“ಬೋಟು ಇಲ್ಲಿಂದ ಹೋಗಿ ಅಳಿವೆ ದಾಟಿ, ಕಡಲಿಂದ ಒಂದು ಸಲ ಸರಿಯಾಗಿ ತಿರುಗಿ ಬಂದ್ರೆ ನಾನು ಅದರ ಚಿಂತೆ ಬಿಡ್ತೇನೆ,” ಎಂದರು. “ಆಗ ‘ಕಡಲಿಗೆ ಹೋಗಿದೆ’ ಅಂತ ಬರೆ. ಒಳಗಿನ ಗುರುತು ನನಗೆ ತೋರಿಸ್ಬೇಡ.”

ಓಡಿಕೊಂಡೇ ಬಂದೆ. ನಲವತ್ತು ದಾಟಿದ ಹೆಂಗಸು ಯಾರ್ಡಿನಲ್ಲಿ ಓಡಿದ್ದನ್ನು ಎಲ್ಲರೂ ನೋಡಿದರು, ನೋಡಲಿ. ಹೆಸರು ಬರೆದೆ, ಒಳಗೆ ಗುರುತು ಹಾಕಿದೆ, ಆಜ್ಞೆ ಕೊಟ್ಟೆ. ನೂರ ಹತ್ತು. ನೂರ ಹನ್ನೊಂದು. ನೂರ ಹನ್ನೆರಡು. ಅಲ್ಲಿ ಸ್ವಲ್ಪ ಹೊತ್ತು ನಿಂತಿತು. ನೂರ ಹದಿಮೂರು! ಆಮೇಲೆ ಅದನ್ನು ಹಿಡಿಯುವವರಿರಲಿಲ್ಲ. ಸಂಜೆ ನಾಲ್ಕಕ್ಕೆ ಮುಂಚೆ ಕೊನೆಯ ಹೆಜ್ಜೆ ದಾಟಿತು. ತೆರೆದು ನೋಡಿದೆ. ಮೂರು ಸಾವಿರ ಕೆಲಸಗಳೂ ಇದ್ದವು, ಫೋಟೊಗಳಿದ್ದವು, ಮೇಸ್ತ್ರಿಯ ಒಂದೊಂದು ಮಾತೂ ಇತ್ತು. ಮೊಬೈಲಿನಲ್ಲೂ ಚೆನ್ನಾಗಿ ತೆರೆಯಿತು. ನಾನು ಮೇಜಿಗೆ ಒಂದು ಗುದ್ದು ಗುದ್ದಿ, “ಆಯ್ತು!” ಎಂದು ಕೂಗಿದೆ. ಮೋಹನದಾಸಣ್ಣ ಎದ್ದು ನಿಂತು ಕೈ ಮುಗಿದರು, ಕಂಪ್ಯೂಟರಿಗೋ ನನಗೋ ಎಂದು ನಾನು ಕೇಳಲಿಲ್ಲ. ನನಗೇ ಎಂದು ಇಟ್ಟುಕೊಂಡಿದ್ದೇನೆ.

ಈ ಬದಲಾವಣೆಯ ಕೆಲಸಕ್ಕೂ ನಾನು ಆ ಪಟ್ಟಿಯಲ್ಲಿ ಒಂದು ಸಾಲು ತೆರೆದಿದ್ದೆ. ಹೊಸ ಗುರುತನ್ನು ಮೊದಲು ಅದಕ್ಕೇ ಹಾಕೋಣವೆಂದು ಹೊರಟರೆ, ಚಾಕ್ಕೆ ಬಂದ ಮೇಸ್ತ್ರಿ ತಡೆದರು.

“ಇದು ನೀರು ಕಂಡಿಲ್ಲ ಇನ್ನೂ. ಹೋಗಿ ಬರ್ಲಿ ಮೊದ್ಲು.”

ದೀಪೇಶ್ ಕಿಸಕ್ಕನೆ ನಕ್ಕ. ನನಗೂ ಸ್ವಲ್ಪ ಬೇಸರವಾಯಿತು. ಆದರೂ ಬಿಟ್ಟೆ.

ಜೂನ್ ಒಂಬತ್ತರಂದು ‘ಕಡಲ ಮಲ್ಲಿಗೆ’ ಎಂಬ ಬೋಟು ದಡ ಹತ್ತಿತು. ಮೀನು ಎಲ್ಲಿದೆ ಎಂದು ತೋರಿಸುವ ಹೊಸ ಯಂತ್ರ ಕೂರಿಸಬೇಕು, ಅದಕ್ಕೆ ತಳದಲ್ಲಿ ತೂತು ಕೊರೆಯಬೇಕು. ಎಲ್ಲಿ ಕೊರೆಯಬೇಕೆಂದು ಮೇಸ್ತ್ರಿ ಸೀಮೆಸುಣ್ಣದಿಂದ ಗುರುತು ಮಾಡಿಕೊಟ್ಟರು. ಕೆಲಸದವನು ಡ್ರಿಲ್ ಎತ್ತಿದ. ನಾನು ಸಾಮಾನಿನ ಪಟ್ಟಿ ಹಿಡಿದು ಅಲ್ಲೇ ನಿಂತಿದ್ದೆ. ದೀಪೇಶ್ ಪಕ್ಕದಲ್ಲಿ, ಕೆಲಸ ಶುರುವಾಯಿತೆಂದು ಬರೆಯಲು ಮೊಬೈಲಿನಲ್ಲಿ ಆ ಬೋಟಿನ ಹಳೆಯ ಪುಟ ತೆರೆಯುತ್ತಿದ್ದ.

“ನಿಲ್ಸಿ! ನಿಲ್ಸಿ ಮಾರಾಯ!” ದೀಪೇಶ್ ಅಷ್ಟು ಜೋರಾಗಿ ಕೂಗಿದ್ದನ್ನು ನಾನು ಕೇಳಿರಲಿಲ್ಲ.

ಎಲ್ಲರೂ ಅವನ ಕಡೆ ತಿರುಗಿದರು. ಅವನು ಮೊಬೈಲಿನಿಂದ ಓದಿದ. “ಎಡಬದಿ, ಎಂಜಿನ್ ರೂಮಿನ ಗೋಡೆಯಿಂದ ಒಂದೂವರೆ ಅಡಿ ಮುಂದೆ ಇರುವ ಜಾಗದಲ್ಲಿ ಯಾರೂ ಕೊರೆಯಬೇಡಿ. ಫೈಬರಿನ ಒಳಗೆ ಎರಡು ಹಲಗೆ ಜೋಡಿಸಿದ್ದುಂಟು. ಅಲ್ಲಿ ತೂತು ಮಾಡಿದ್ರೆ ಜೋಡಣೆ ಬಿಡ್ತದೆ, ಕಡಲಲ್ಲಿ ಗೊತ್ತಾಗ್ತದೆ.”

ಸೀಮೆಸುಣ್ಣದ ಗುರುತು ಸರಿಯಾಗಿ ಆ ಒಂದೂವರೆ ಅಡಿಯಲ್ಲೇ ಇತ್ತು. ಆ ಬೋಟಿನಲ್ಲಿ ಏಳು ಜನ ಹೋಗುತ್ತಾರೆ.

“ಯಾರು ಹೇಳಿದ್ದು ಅದು?” ಕೇಳಿದರು ಮೇಸ್ತ್ರಿ.

ದೀಪೇಶ್ ಮೊಬೈಲಿನಿಂದ ತಲೆಯೆತ್ತಿ ನನ್ನನ್ನು ನೋಡಿದ. ನಾನೇ ಹೇಳಿದೆ. “ನೀವೇ, ಮೇಸ್ತ್ರಿ. ಒಂಬತ್ತು ವರ್ಷ ಆಯ್ತು.”

ಅವರು ಬೋಟಿನ ಹತ್ತಿರ ಹೋಗಿ ಅಂಗೈಯಿಂದ ಸೀಮೆಸುಣ್ಣ ಒರೆಸಿದರು. ಬೋಟಿನ ಮುಂಭಾಗದ ಕಡೆಗೆ ಎರಡು ಅಡಿ ಸರಿದು, ಬೆರಳ ಗೆಣ್ಣಿನಿಂದ ತಟ್ಟಿ ಕೇಳಿ, ಹೊಸ ಗುರುತು ಹಾಕಿದರು. ದೀಪೇಶ್ ಮೊಬೈಲನ್ನು ಅವರ ಮುಂದೆ ಹಿಡಿದು, “ಇದು ಸರಿ ಉಂಟಾ ನೋಡಿ ಮೇಸ್ತ್ರಿ. ನೀವು ಹೇಳಿ, ನಾನು ಬರೀತೇನೆ,” ಎಂದ. ಆ ವಾಕ್ಯದಲ್ಲಿ ಶಾರ್ಜಾ ಇರಲಿಲ್ಲ.

ಮೇಸ್ತ್ರಿ ಹೇಳಿದರು, ಅವನು ಬರೆದ. ಆಮೇಲೆ ಅವರು ನನ್ನನ್ನು ಹುಡುಕಿ ನೋಡಿದರು. ಕಣ್ಣು ತುಂಬಿತ್ತು, ಮುಖ ಮಾತ್ರ ನಗುತ್ತಿತ್ತು.

“ಮುಮ್ತಾಝ್, ನಿನ್ನ ಆ ಕೆಲಸ ಉಂಟಲ್ಲ, ಈಗ ಬರೆ.”

ಆಫೀಸಿಗೆ ಹೋಗಿ ಕೂತು, ‘ಸಾಫ್ಟ್‌ವೇರ್ ಹೊಸ ಆವೃತ್ತಿ’ ಎಂಬ ಸಾಲನ್ನು ತೆರೆದು ಗುರುತು ಹಾಕಿದೆ: ಕಡಲಿಗೆ ಹೋಗಿದೆ.