ಲಿಯೆನ್ ಕೇಳಿದ ಅಪ್ಪಣೆ

ಮಲೇಷ್ಯಾದ ನಿಲಾಯ್‌ನಲ್ಲಿ ನನಗಿದ್ದ ಗೆಳತಿ ಒಬ್ಬಳೇ, ಲಿಯೆನ್. ವಿಯೆಟ್ನಾಂನವಳು. ನಮ್ಮ ಅಪಾರ್ಟ್‌ಮೆಂಟಿನ ಎದುರು ಸಾಲಿನಲ್ಲಿ ಟೈಲರ್ ಅಂಗಡಿ ಇಟ್ಟುಕೊಂಡಿದ್ದಳು. ಅವಳಿಂದ ಬ್ಲೌಸು ಬಿಗಿ ಮಾಡಿಸಲು ಹೋದವಳು ನಾನು. ಆಮೇಲೆ ವರ್ಷ ವರ್ಷವೂ ಅವೇ ಬ್ಲೌಸುಗಳನ್ನು ಸಡಿಲ ಮಾಡಿಸುತ್ತಾ ಸ್ನೇಹ ಬೆಳೆಯಿತು. ಇಬ್ಬರಿಗೂ ಬರುತ್ತಿದ್ದುದು ಅಷ್ಟಿಷ್ಟು ಮಲಯ್ ಮಾತ್ರ. ಜಗಳವಾಡಲು ಅದು ಸಾಲದು.

ನಮ್ಮ ಯಜಮಾನರು ಜಯಕರ ಇಲ್ಲಿನ ಮೆಡಿಕಲ್ ಕಾಲೇಜಿನಲ್ಲಿ ಪಾಠ ಮಾಡುತ್ತಾರೆ, ಮನೆಯಲ್ಲೂ ಅದನ್ನೇ ಮಾಡುತ್ತಾರೆ. ಮಗಳು ಶ್ರೀಯಾ ಕನ್ನಡದಲ್ಲಿ ಕೇಳಿದ್ದಕ್ಕೆ ಇಂಗ್ಲಿಷಿನಲ್ಲಿ ಉತ್ತರ ಕೊಟ್ಟು ಕೋಣೆಯ ಬಾಗಿಲು ಹಾಕಿಕೊಳ್ಳುತ್ತಾಳೆ. ನನ್ನ ಮಾತನ್ನು ಕೊನೆಯವರೆಗೆ ಕೇಳುತ್ತಿದ್ದವಳು ಲಿಯೆನ್ ಮಾತ್ರ. ಅರ್ಥವಾಗದಿದ್ದಾಗಲೂ ಕೇಳುತ್ತಿದ್ದಳು.

ಅಂಗಡಿಯ ಮಹಡಿಯಲ್ಲಿ ಅವಳ ಊರಿನ ದೇವಿಯ ಪುಟ್ಟ ಮೂರ್ತಿಯಿತ್ತು. ಆ ಸೀಮೆಗೆಲ್ಲ ಒಡತಿ, ಗುಡ್ಡದ ಬುಡದಲ್ಲಿ ದೊಡ್ಡ ಗುಡಿಯಂತೆ. ಮಳೆಗಾಲದ ಮುಂಚೆ ಅಮ್ಮನಿಗೆ ಸ್ನಾನ ಮಾಡಿಸಿ ಹೊಸ ನಿಲುವಂಗಿ ತೊಡಿಸುವುದೇ ಅಲ್ಲಿನ ದೊಡ್ಡ ಹಬ್ಬ. ಇಲ್ಲಿನ ವಿಯೆಟ್ನಾಂ ಹೆಂಗಸರು ಅದನ್ನು ಲಿಯೆನ್‌ಳ ಮಹಡಿಯಲ್ಲಿ ಮಾಡುತ್ತಿದ್ದರು. ಹೂವಿನ ಅಲಂಕಾರ ನನ್ನದು.

ಈ ವರ್ಷ ಲಿಯೆನ್‌ಗೆ ಊರಿಗೆ ಹೋಗಿಬಿಡುವ ಮನಸ್ಸಾಗಿತ್ತು. ಗುಡಿಯ ಎದುರಿಗೇ ಅವಳ ಅಕ್ಕ ಅಮ್ಮನ ನಿಲುವಂಗಿ ಹೊಲಿಯುವ ಅಂಗಡಿ ಹಾಕಿದ್ದಳು, ಜೊತೆಗೆ ಬಾ ಎಂದು ಕರೆಯುತ್ತಿದ್ದಳು. ಆದರೆ ಮಲೇಷ್ಯಾಕ್ಕೆ ಬರುವಾಗ ಅಮ್ಮನ ಅಪ್ಪಣೆ ಕೇಳಿ ಬಂದವಳು ಹೋಗುವಾಗಲೂ ಕೇಳಲೇಬೇಕು. ಅಮ್ಮ ಬೇಡವೆಂದರೆ ಇಲ್ಲೇ ಉಳಿಯುವುದು ಎಂದಳು. ಭಾರತೀಯರ ಪೇಟೆ ಬ್ರಿಕ್‌ಫೀಲ್ಡ್ಸ್‌ನಿಂದ ತರಿಸಿದ ಮಲ್ಲಿಗೆ ಕಟ್ಟುತ್ತಾ ನಾನು ಒಂದೇ ಸಮನೆ ಬೇಡಿಕೊಂಡೆ: ಬೇಡ ಅನ್ನು ತಾಯಿ, ಬೇಡ ಅನ್ನು. ಪರರ ದೇವರಲ್ಲಿ ಇಂಥದ್ದನ್ನು ಕೇಳಬಹುದೇ ಎಂಬ ಯೋಚನೆ ಬರಲಿಲ್ಲ.

ಹಬ್ಬದ ಬೆಳಿಗ್ಗೆ ಹೆಂಗಸರೆಲ್ಲ ಪರದೆಯೊಳಗೆ ಅಮ್ಮನಿಗೆ ಸ್ನಾನ ಮಾಡಿಸಿದೆವು. ಗಂಡಸರಿಗೆ ಒಳಗೆ ಪ್ರವೇಶವಿಲ್ಲ. ಹೊರಗೆ ನಮ್ಮವರೊಬ್ಬರೇ, ನೈವೇದ್ಯಕ್ಕಿಟ್ಟ ಇಡೀ ಹುರಿದ ಹಂದಿಯ ಜೊತೆ ಕೂತಿದ್ದರು. ಒಬ್ಬರ ಮುಖ ಒಬ್ಬರು ನೋಡಿಕೊಂಡಂತಿರಲಿಲ್ಲ. ಆಮೇಲೆ ಪರದೆ ಸರಿಸಿ ಎಲ್ಲರಿಗೂ ಸ್ನಾನದ ನೀರು ಹಂಚಿದರು. ಅದು ಮುಖಕ್ಕೆ ಹಚ್ಚಿಕೊಳ್ಳಲಿಕ್ಕೆ. ಅದಕ್ಕೆ ಒಂದು ಬಾಟಲಿ ಸೆಂಟು ಸುರಿದಿರುತ್ತಾರೆ. ನಮ್ಮವರು ಮಾತ್ರ ಎಡಗೈ ಮೇಲೆ ಬಲಗೈ ಇಟ್ಟು ಭಕ್ತಿಯಿಂದ ಮೂರು ಸಲ ತೀರ್ಥ ಕುಡಿದು, ಕೈಯನ್ನು ತಲೆಗೆ ಒರೆಸಿಕೊಂಡರು. ಸ್ವಲ್ಪ ಘಾಟು ಎಂದರು. ಸಂಜೆಯವರೆಗೂ ಇವರು ತೇಗಿದರೆ ಗುಲಾಬಿಯ ವಾಸನೆ ಬರುತ್ತಿತ್ತು.

ಲಿಯೆನ್ ತಟ್ಟೆಯಲ್ಲಿ ಎರಡು ನಾಣ್ಯ ಚಿಮ್ಮಿದಳು. ಒಂದು ಮೇಲ್ಮುಖ, ಒಂದು ಕೆಳಮುಖ ಬಿದ್ದರೆ ಅಪ್ಪಣೆ. ಎರಡೂ ಕೆಳಮುಖ ಬಿದ್ದವು. ಮೂರು ಸಲ ಕೇಳಬಹುದು, ಮೂರು ಸಲವೂ ಹಾಗೇ ಬಿದ್ದವು. ರೋಗಿ ಬಯಸಿದ್ದೂ ಹಾಲು ಅನ್ನ, ವೈದ್ಯ ಹೇಳಿದ್ದೂ ಹಾಲು ಅನ್ನ. ನನಗೆ ತುಂಬಾ ಸಂತೋಷವಾಯಿತು.

ಲಿಯೆನ್ ನಕ್ಕಳು. ಪರವಾಗಿಲ್ಲ ಎಂದಳು. ನಾಣ್ಯಗಳನ್ನು ಎತ್ತಿಟ್ಟು, ಸರಿಯಾಗಿಯೇ ಇದ್ದ ಅಮ್ಮನ ನಿಲುವಂಗಿಯ ನೆರಿಗೆಯನ್ನು ಮತ್ತೆ ಮತ್ತೆ ಸರಿಪಡಿಸತೊಡಗಿದಳು. ನನ್ನ ಸಂತೋಷ ಅಲ್ಲಿಗೇ ನಿಂತಿತು.

ಆಮೇಲೆ ತಿರುಗಿ, ನಿಮ್ಮ ಊರಲ್ಲಿ ದೇವರನ್ನು ಹೇಗೆ ಕೇಳುತ್ತೀರಿ ಎಂದಳು. ಹೂವಿಟ್ಟು ಕೇಳುತ್ತೇವೆ, ಬಿದ್ದ ಹೂವೇ ಉತ್ತರ ಎಂದೆ. ಅಷ್ಟಕ್ಕೇ ಕೈಮುಗಿದು ಕೂತುಬಿಟ್ಟಳು. ಅಮ್ಮನ ಎರಡು ಹೆಗಲಿಗೂ ಒಂದೊಂದು ಒದ್ದೆ ಹೂವು ಅಂಟಿಸಿದೆ. ನಾವೆಲ್ಲ ನೋಡುತ್ತಾ ಕೂತೆವು. ಫ್ಯಾನ್ ಆರಿಸಲು ಇವರು ನೆನಪಿಸಿದರು, ಆರಿಸಿದೆವು.

ಹೂವು ಬಿತ್ತು. ಅಮ್ಮನ ಎಡಗಡೆಯದು. ಬಲಗಡೆಯದು ಬಿದ್ದರೆ ಆಗಲಿ, ಎಡಗಡೆಯದು ಬಿದ್ದರೆ ಬೇಡ. ನಮ್ಮಲ್ಲಿ ಇದು ಮಕ್ಕಳಿಗೂ ಗೊತ್ತು. ಲಿಯೆನ್‌ಗೆ ಗೊತ್ತಿರಲಿಲ್ಲ. ಹೋಗಬಹುದಾ ಎಂದು ಕಣ್ಣಲ್ಲೇ ಕೇಳಿದಳು.

"ದೇವಕೀ, ಅದು ಎಡಗಡೆ…" ಎಂದರು ಇವರು.

"ನೀವು ಸುಮ್ನೆ ಕೂತ್ಕೊಳ್ಳಿ ಮಾರಾಯ್ರೆ."

ಬಿದ್ದ ಹೂವನ್ನು ಎತ್ತಿ ಲಿಯೆನ್‌ಳ ಮುಡಿಗೆ ಸಿಕ್ಕಿಸಿದೆ. ಹೋಗು, ಅಮ್ಮ ಒಪ್ಪಿದ್ದಾಳೆ ಎಂದೆ. ಅವಳು ನನ್ನನ್ನು ಅಪ್ಪಿಕೊಂಡು ತನ್ನ ಭಾಷೆಯಲ್ಲಿ ಬಹಳ ಹೊತ್ತು ಏನೇನೋ ಹೇಳಿದಳು. ನಾನು ಪೂರ್ತಿ ಕೇಳಿದೆ.

ಲಿಫ್ಟಿನಲ್ಲಿ ಇವರಿಗೆ ತಡೆಯಲಾಗಲಿಲ್ಲ.

"ಅಮ್ಮ ನಾಲ್ಕು ಸಲ ಬೇಡ ಹೇಳಿದ್ದಲ್ವಾ?"

"ಬೇಡ ಹೇಳಿದ್ದು ಅಮ್ಮ ಅಲ್ಲ, ನಾನು," ಎಂದೆ. "ಪಾಪ, ಆ ತಾಯಿ ನನ್ನ ಮಾತು ಕೇಳಿದ್ದು ಅಷ್ಟೇ."