ಕತ್ತರಿಸುವ ಮೇಜಿನ ಮೇಲೆ ಟ್ರಯಲ್

ಟೈಲರಮ್ಮನಿಗೆ ಸಾಯುವುದರ ಬಗ್ಗೆ ಅಂಥ ತಕರಾರೇನೂ ಇರಲಿಲ್ಲ. ತಕರಾರಿದ್ದದ್ದು ಹೆತ್ತ ಮಕ್ಕಳ ಬಗ್ಗೆ. ಒಂದು ಮಾತು ಹೇಳಿ ಮುಗಿಸೋಣವೆಂದರೆ ಈ ಮನೆಯಲ್ಲಿ ಕಿವಿ ಕೊಡುವ ಪ್ರಾಣಿಯೇ ಇರಲಿಲ್ಲ.

ಆಕೆಯ ಶ್ವಾಸಕೋಶ ಸೋಲುತ್ತ ಬಂದಿತ್ತು. ಡಾಕ್ಟರು ಮುಚ್ಚುಮರೆಯಿಲ್ಲದೆ ಹೇಳಿದ್ದರು: ಇವತ್ತಲ್ಲ ನಾಳೆ ಉಸಿರು ಕೈಕೊಡುತ್ತದೆ, ಆಗ ನಿಮಗೆ ಮಾತಾಡಲು ಆಗುವುದಿಲ್ಲ. ಗಂಟಲಿಗೆ ನಳಿಕೆ ಇಳಿಸಿ ಯಂತ್ರಕ್ಕೆ ಹಾಕಬೇಕೋ ಬೇಡವೋ ಎಂದು ನಾವು ಮನೆಯವರನ್ನೇ ಕೇಳುತ್ತೇವೆ. ಈಗಲೇ ಬರೆದಿಡಿ, ನಿಮ್ಮ ಪರವಾಗಿ ಮಾತಾಡಲು ಒಬ್ಬರನ್ನು ಗೊತ್ತುಮಾಡಿ. ಬರೆಯುವುದೇನು ಮಹಾ, ನಳಿಕೆ ಬೇಡವೆಂದು ಬರೆದು ಸಹಿ ಹಾಕಿಯೂ ಆಗಿತ್ತು; ಪರವಾಗಿ ಮಾತಾಡುವವರ ಹೆಸರಷ್ಟೇ ಬಾಕಿ. ಆದರೆ ಕಾಗದ ಬಾಯಿಬಿಟ್ಟು ಮಾತಾಡುತ್ತದೆಯೇ? ಹೊತ್ತು ಬಂದಾಗ ಎದುರು ನಿಂತು ಹೇಳಲು ಒಂದು ಜೀವ ಬೇಕಲ್ಲ.

ಮೊದಲು ಮಗನನ್ನು ಹಿಡಿದಳು. ಅಂಗಡಿ ಈಗ ಅವನ ಕೈಗೆ ಬಂದಿದೆ. ಆಕೆ ಮಾತು ತೆಗೆದದ್ದೇ ತಡ, ಬಿಡ್ತು ಅನ್ನಮ್ಮ ಎಂದವನೇ ಹೊಲಿಗೆ ಮಷಿನ್ ಜೋರು ಮಾಡಿದ. ಆಕೆ ದನಿ ಏರಿಸಿದಷ್ಟೂ ಅವನು ಮಷಿನ್ ಓಡಿಸಿದ. ಆ ಭರಕ್ಕೆ ಯಾರದೋ ಪ್ಯಾಂಟಿನ ಎರಡು ಕಾಲನ್ನೂ ಸೇರಿಸಿ ಹೊಲಿದುಬಿಟ್ಟ. ಅದನ್ನು ಬಿಚ್ಚುವ ಕೆಲಸ ತಿರುಗಿ ಆಕೆಯ ತಲೆಗೇ ಬಂತು.

ಆಮೇಲೆ ಮಗಳು. ಬಸ್ ಡಿಪೋದಲ್ಲಿ ಡ್ರೈವರುಗಳಿಗೆ ಡ್ಯೂಟಿ ಹಾಕುವವಳು, ದಿನವಿಡೀ ಗಂಡಸರನ್ನು ಗದರಿಸಿ ಬಗ್ಗಿಸುವ ಗಟ್ಟಿಗಿತ್ತಿ. ನಳಿಕೆ ಎಂಬ ಶಬ್ದ ಕಿವಿಗೆ ಬೀಳುತ್ತಲೇ ಗೊಳೋ ಎಂದು ಶುರುವಿಟ್ಟುಕೊಂಡಳು. ಕೊನೆಗೆ ಸಾಯಬೇಕಾದವಳೇ ಎದ್ದು ಚಹಾ ಮಾಡಿ, ಬದುಕಬೇಕಾದವಳ ಕಣ್ಣೊರೆಸಿ ಕಳಿಸಬೇಕಾಯಿತು. ಇದೊಳ್ಳೆ ಕಥೆಯಾಯ್ತಲ್ಲ ಎಂದು ಆಕೆಗೆ ಮೈಯೆಲ್ಲ ಉರಿಯಿತು.

ಇಬ್ಬರನ್ನೂ ಒಟ್ಟಿಗೆ ಕೂರಿಸಿದಾಗ ಇನ್ನೂ ಚೆನ್ನಾಯಿತು. ಯಾವ ಆಸ್ಪತ್ರೆ ಒಳ್ಳೆಯದು, ರಜೆ ಯಾರು ಹಾಕಬೇಕು, ಅಪ್ಪನ ಸಲ ಯಾರು ಹೆಚ್ಚು ಓಡಾಡಿದ್ದು ಎಂದು ಅವರವರೇ ಹಾರಾಡಿದರು. ರೋಗಿ ನಡುವೆ ಕೂತಿದ್ದಾಳೆಂಬುದು ಇಬ್ಬರಿಗೂ ಮರೆತೇಹೋಗಿತ್ತು.

ಅಪ್ಪನ ಸಲ. ಅದೇ ಆಕೆಯನ್ನು ಒಳಗೊಳಗೇ ತಿನ್ನುತ್ತಿದ್ದದ್ದು. ಸಾಯುವ ಮುನ್ನ ಗಂಡನ ಬಾಯಿಗೆ ನಳಿಕೆ ಹಾಕಿ ವಾರಗಟ್ಟಲೆ ಮಲಗಿಸಿದ್ದರು. ಕಿತ್ತುಕೊಂಡಾರೆಂದು ಕೈಗಳನ್ನು ಮಂಚಕ್ಕೆ ಕಟ್ಟಿದ್ದರು. ಅವರಿಗೆ ಏನು ಬೇಕಿತ್ತೋ ಯಾರಿಗೂ ಗೊತ್ತಿರಲಿಲ್ಲ, ಯಾಕೆಂದರೆ ಯಾರೂ ಕೇಳಿರಲಿಲ್ಲ. ತೋರಿಸಿದಲ್ಲೆಲ್ಲ ಆಕೆ ಸಹಿ ಹಾಕುತ್ತ ಹೋಗಿದ್ದಳು. ನನಗೂ ಅದೇ ಗತಿಯಾದರೆ ಎಂದು ನೆನೆದರೆ ಇದ್ದ ಉಸಿರೂ ನಿಲ್ಲುವಂತಾಗುತ್ತಿತ್ತು.

ಅವಳ ಅಂಗಡಿಯಲ್ಲಿ ಮೊದಲಿನಿಂದ ಒಂದು ಕಟ್ಟುನಿಟ್ಟು. ಕಚ್ಚಾ ಹೊಲಿಗೆ ಹಾಕಿ, ಗಿರಾಕಿಯ ಮೈಮೇಲೆ ಟ್ರಯಲ್ ನೋಡದೆ ಯಾವ ಬಟ್ಟೆಯನ್ನೂ ಪಕ್ಕಾ ಹೊಲಿಯುವಂತಿಲ್ಲ. ಬಾಯಲ್ಲಿ ಹೇಳಿದ ಅಳತೆಯನ್ನು ಆಕೆ ಯಾವತ್ತೂ ನಂಬಿದವಳಲ್ಲ. ಭಾನುವಾರ ಮಧ್ಯಾಹ್ನ ಅಂಗಡಿಯ ಷಟರ್ ಎಳೆಸಿ, ಕತ್ತರಿಸುವ ಮೇಜಿನ ಮೇಲಿದ್ದ ಬಟ್ಟೆಯನ್ನೆಲ್ಲ ಪಕ್ಕಕ್ಕೆ ತಳ್ಳಿ, ತಾನೇ ಹತ್ತಿ ಮಲಗಿದಳು. ಮಕ್ಕಳಿಬ್ಬರೂ ಕಣ್ಣುಕಣ್ಣು ಬಿಟ್ಟರು.

“ಇವತ್ತು ಟ್ರಯಲ್. ಈಗ ನನಗೆ ಮಾತು ನಿಂತಿದೆ. ನೀನು ಡಾಕ್ಟ್ರು, ಕೇಳು. ನೀನು ನನ್ನ ಪರವಾಗಿ ಹೇಳು” ಎಂದು ಮಗನಿಗೂ ಮಗಳಿಗೂ ಬೆರಳು ತೋರಿಸಿ ಬಾಯಿ ಮುಚ್ಚಿದಳು.

ಇದೆಂಥ ಹುಚ್ಚಾಟ ಎಂದು ಮಗಳು ಗೊಣಗಿದಳು. ಆಕೆ ಮಿಸುಕಲಿಲ್ಲ. ಬೇಗ ಮುಗಿದರೆ ಸಾಕೆಂದು ಮಗ ಅಳತೆಯ ಟೇಪನ್ನು ಕೊರಳಿಗೆ ಹಾಕಿಕೊಂಡು ಡಾಕ್ಟರಾದ. ಉಸಿರು ನಿಲ್ಲುತ್ತಿದೆ, ನಳಿಕೆ ಹಾಕಲೇ ಎಂದು ಕೇಳಿದ.

“ಹಾಕಿ. ಏನ್ ಬೇಕಾದ್ರೂ ಮಾಡಿ, ನಮ್ಮಮ್ಮನ್ನ ಉಳಿಸಿಕೊಡಿ” ಎಂದಳು ಮಗಳು.

ಟೈಲರಮ್ಮನ ಪಿತ್ತ ನೆತ್ತಿಗೇರಿತು. ಇಷ್ಟು ದಿನ ಗೋಡೆಗೆ ಹೇಳಿದ್ದರೂ ಅದು ಹೂಂಗುಟ್ಟುತ್ತಿತ್ತೇನೋ. ಬಾಯಿ ಬಿಡುವಂತಿಲ್ಲ, ತಾನೇ ಮಾಡಿದ ಕಾಯಿದೆ. ಎರಡೂ ಕೈ ಎತ್ತಿ ಬೇಡ ಬೇಡ ಎಂಬಂತೆ ಜೋರಾಗಿ ಆಡಿಸಿದಳು. ಮಗ ಡಾಕ್ಟರ ಗತ್ತಿನಲ್ಲೇ ಆ ಕೈಗಳನ್ನು ಹಿಡಿದು ಮೇಜಿಗೆ ಒತ್ತಿದ.

“ಗಾಬರಿ ಆಗಿದ್ದಾರೆ ಅಷ್ಟೇ. ಕೈ ಕಟ್ಟಿಬಿಡೋಣ” ಎಂದ.

ಹೇಳಿದ ಮೇಲೆ ಅವನಿಗೇ ತಾನೇನು ಹೇಳಿದೆನೆಂಬುದು ಕೇಳಿಸಿತು. ಹಿಡಿತ ಸಡಿಲವಾಯಿತು.

“ಅಕ್ಕ, ಅಪ್ಪನೂ ಹಿಂಗೇ ಕೈ ಆಡಿಸ್ತಿದ್ರು” ಎಂದ. “ನಾವೇ ಅಲ್ವಾ ಕಟ್ಟಿ ಅಂದಿದ್ದು.”

ಮಗಳು ಈ ಸಲ ಅಳಲಿಲ್ಲ. ನನ್ನ ಕೈಲಿ ಆಗಲ್ಲ, ಬಾಯಲ್ಲಿ ಬೇಡ ಅನ್ನೋ ಮಾತು ಬರೋದೇ ಇಲ್ಲ, ನನ್ನ ಹೆಸರು ಬರೀಬೇಡ ಎಂದು ಮೆಲ್ಲಗೆ ಹೇಳಿ ಸ್ಟೂಲಿನ ಮೇಲೆ ಕುಸಿದಳು. ಆಗಲ್ಲ ಎಂದಾದರೂ ಹೇಳಿದಳಲ್ಲ, ಅಷ್ಟಾದರೂ ನಿಜ ಹೊರಬಿತ್ತಲ್ಲ ಎಂದುಕೊಂಡಳು ಆಕೆ. ಆದರೂ ಬಿಡಲಿಲ್ಲ. ಎದ್ದು ಟೇಪನ್ನು ಮಗನ ಕೊರಳಿಂದ ಎಳೆದು ಮಗಳ ಕೊರಳಿಗೆ ಹಾಕಿ ಮತ್ತೆ ಮಲಗಿದಳು. ಮೊದಲಿಂದ ಎಂಬಂತೆ ಕೈಸನ್ನೆ ಮಾಡಿದಳು.

ಮಗಳು ನೆಲ ನೋಡುತ್ತಲೇ ಪ್ರಶ್ನೆ ಕೇಳಿದಳು. ಮಗ ಷಟರಿನ ಕಡೆ ತಿರುಗಿ ನಿಂತಿದ್ದ.

“ಬೇಡ” ಎಂದ. “ನಳಿಕೆ ಹಾಕ್ಬೇಡಿ. ಸಂಕಟ ಆಗದ ಹಾಗೆ ಔಷಧಿ ಕೊಡಿ ಸಾಕು. ನಾವು ಪಕ್ಕದಲ್ಲೇ ಇರ್ತೀವಿ. ಅಮ್ಮ ಹಿಂಗೇ ಹೇಳಿದ್ದಾಳೆ.”

ತಿಂಗಳುಗಟ್ಟಲೆ ಬಾಯಿ ನೋಯಿಸಿಕೊಂಡದ್ದು ಈ ಮಾತಿಗಾಗಿಯೇ. ಒಂದಕ್ಷರ ಹೆಚ್ಚಿಲ್ಲ, ಕಡಿಮೆಯಿಲ್ಲ. ಆದರೆ ಹೆತ್ತ ಮಗ ಅದನ್ನು ಹೇಳದಿದ್ದಾಗ ಬಂದ ಸಿಟ್ಟಿಗಿಂತ ಹೇಳಿದಾಗಲೇ ಹೆಚ್ಚು ಸಿಟ್ಟು ಬಂತು. ಯಾರ ಮೇಲೆ ಎಂಬುದು ಮಾತ್ರ ತಿಳಿಯಲಿಲ್ಲ.

ಮೊಣಕೈ ಊರಿ ಎದ್ದು ಕೂತು ದಮ್ಮು ಸುಧಾರಿಸಿಕೊಂಡಳು. ಮಗ ಇನ್ನೂ ಷಟರನ್ನೇ ನೋಡುತ್ತಿದ್ದ. ಸರಿಯಾಯ್ತಾ ಅಮ್ಮ ಎಂದು ಅಲ್ಲಿಂದಲೇ ಕೇಳಿದ.

“ಮಾತು ಸರಿಯಾಗಿದೆ. ಇದನ್ನೇ ಹೇಳು” ಎಂದಳು. “ಆದ್ರೆ ಆವತ್ತು ಆ ಕಡೆ ತಿರುಗಿ ನಿಂತ್ಕೋಬೇಡ ಕಣೋ. ನನ್ನ ಮುಖ ನೋಡ್ಕೊಂಡು ಹೇಳು.”