ಎದುರುಬದುರು ಬಾಗಿಲು

"ಹಿಂದಕ್ಕೆ, ಹಿಂದಕ್ಕೆ ಸರೀರಿ!" ಎಂದು ಮೀಸೆ ಮಾವ ಕೂಗುವಷ್ಟರಲ್ಲಿ ಬಾಗಿಲು ಬಂದು ಬಡಿದೇಬಿಟ್ಟಿತು. ಬೆಳಗಿನಿಂದ ಇದು ಮೂರನೆಯ ಹಣೆ. ಸಮಾಧಾನ ಹೇಳಲು ಬಂದಿದ್ದ ಬ್ಯಾಂಕಿನ ಗುಮಾಸ್ತರು ಹಣೆ ಉಜ್ಜಿಕೊಂಡು, ಎಲ್ಲರಿಂದ ತಾವೇ ಸಮಾಧಾನ ಹೇಳಿಸಿಕೊಳ್ಳುತ್ತ ಕುಳಿತರು.

ಒಳಕೋಣೆಯಲ್ಲಿ ಅಪ್ಪ ಇದ್ಯಾವುದರ ಗೊಡವೆಯಿಲ್ಲದೆ ಮಲಗಿದ್ದ. ಜೀವಮಾನವಿಡೀ ಬಡಗಿ ಕೆಲಸ ಮಾಡಿದವನು. ಮೀಸೆ ಮಾವ ಅವನ ಜೊತೆ ಗರಗಸ ಎಳೆದ ಗೆಳೆಯ.

"ಚಟ್ಟ ಈ ಪ್ಯಾಸೇಜಿಂದಾನೇ ಹೊರಗೆ ಹೋಗ್ಬೇಕು," ಎಂದರು ಮಾವ. "ಅಷ್ಟರಲ್ಲಿ ಯಾರಾದ್ರೂ ಬಾಗಿಲು ತೆಗೆದ್ರೋ, ನಿಮ್ಮಪ್ಪ ವಾಪಸ್ಸು ಒಳಗೇ! ಎದುರುಬದುರು ಇರೋ ಎರಡು ಬಾಗಿಲನ್ನೂ ಕಳಚಿಬಿಡ್ತೀನಿ. ಸ್ಕ್ರೂಡ್ರೈವರ್ ತಾಮ್ಮ."

ಮಗಳು ಅಪ್ಪನ ಚೀಲದಿಂದ ತಂದುಕೊಟ್ಟಳು. ಅರ್ಧ ಗಂಟೆಯೊಳಗೆ ಎರಡೂ ಬಾಗಿಲು ಹೊರಗಿನ ಗೋಡೆಗೆ ಒರಗಿ ನಿಂತವು. ಪ್ಯಾಸೇಜು ಬೋಳುಬೋಳಾಯಿತು. "ಅಬ್ಬ, ಗಾಳಿ ಬಂತು ನೋಡಿ!" ಎಂದರು ಬಂದವರು.

ಆಗ ಎಡಗಡೆಯ ಕೋಣೆಯಿಂದ ದೊಡ್ಡ ತಮ್ಮ ಬಂದ, ಬಲಗಡೆಯದರಿಂದ ಚಿಕ್ಕ ತಮ್ಮ ಬಂದ. ಸಂತೆಯಲ್ಲಿ ಗುರುತಿಲ್ಲದವರು ಹಾಯುವಂತೆ ಭುಜ ಸವರಿಕೊಂಡು ಹೋದರು. ಒಂದು ಮಾತಿಲ್ಲ. ಅವರ ಅಕ್ಕ ಬಾಗಿಲಿಲ್ಲದ ಚೌಕಟ್ಟುಗಳನ್ನೇ ನೋಡಿದಳು.

*

ಊರವರ ಮನೆಗೆಲ್ಲ ಬಾಗಿಲು ಕೂರಿಸಿದ ಅಪ್ಪ ತನ್ನ ಮನೆ ಕಟ್ಟಿದಾಗ ಕೋಣೆಗಳು ಚಿಕ್ಕವಾದವು. ಮಂಚಕ್ಕೆ ಜಾಗ ಉಳಿಯಲೆಂದು ದೊಡ್ಡವನ ಕೋಣೆಯ ಬಾಗಿಲನ್ನು ಹೊರಕ್ಕೆ ತೆರೆಯುವಂತೆ ಕೂರಿಸಿದ. ವಾರ ಬಿಟ್ಟು, ಎದುರಿನ ಕೋಣೆಗೂ ಅದೇ ಬುದ್ಧಿ ಓಡಿಸಿದ. ಎರಡೂ ಒಟ್ಟಿಗೆ ತೆರೆದು ಟಗರುಗಳಂತೆ ಡಿಕ್ಕಿ ಹೊಡೆದಾಗಲೇ ಮನೆಯವರಿಗೆ ವಿಷಯ ತಿಳಿದದ್ದು.

"ಒಂದನ್ನಾದ್ರೂ ತಿರುಗಿಸಿ ಹಾಕಬಾರ್ದೇನ್ರೀ?" ಎಂದು ಆಗ ಬದುಕಿದ್ದ ಅಮ್ಮ ಕೇಳಿದ್ದಳು.

"ತಿರುಗಿಸಿದ್ರೆ ನಾನು ತಪ್ಪು ಮಾಡ್ದೆ ಅಂತಾಗತ್ತೆ. ಬರೋ ಮುಂಚೆ ಒಂದು ಮಾತು ಹೇಳಿ ಬರೋಕೆ ನಿಮಗೇನು ಧಾಡಿ?"

ಅಂದಿನಿಂದ ಬಾಗಿಲು ತೆಗೆಯುವವರು "ಬಂದೆ!" ಎನ್ನಬೇಕು, ಎದುರಿನವರು "ಬಾ!" ಎನ್ನಬೇಕು. ಅದು ಎಷ್ಟು ಮೈಗೂಡಿತೆಂದರೆ, ಮದುವೆಯಾಗಿ ಹೋದ ಮಗಳು ಗಂಡನ ಮನೆಯ ಬಚ್ಚಲಿನಿಂದಲೂ "ಬಂದೆ!" ಎಂದು ಕೂಗಿಯೇ ಹೊರಬಂದಳು. "ನಿನ್ನನ್ನ ಯಾರು ಕರೆದ್ರಮ್ಮ?" ಎಂದು ಅತ್ತೆ ಬೆರಗಾಗಿ ಕೇಳಿದರು.

ತಮ್ಮಂದಿರು ಬೆಳೆದರು. ದೊಡ್ಡವನು ಬೆಳೆಯುತ್ತಲೇ ಹೋದ, ಚಿಕ್ಕವನು ಬೇಗ ನಿಲ್ಲಿಸಿದ. ಅಪ್ಪ ಒಬ್ಬನನ್ನು ಕಂಬ ಎಂದ, ಇನ್ನೊಬ್ಬನನ್ನು ಮಣೆ ಎಂದ, ಇಬ್ಬರ ಬಾಗಿಲಿನ ಒಳಮೈಗೂ ಅವರವರ ಎತ್ತರಕ್ಕೆ ಅಂಗಿ ಹಾಕುವ ಗೂಟ ಹೊಡೆದುಕೊಟ್ಟ. ಎರಡು ವರ್ಷದ ಹಿಂದೆ ಬೇಸಿನ್ನಿನ ಮೇಲಿನ ಕನ್ನಡಿಗಾಗಿ ಜಗಳವಾಯಿತು. ಅದರಲ್ಲಿ ಕಂಬನಿಗೆ ಬರೀ ಕತ್ತು ಕಾಣುತ್ತಿತ್ತು. ಮೇಲಕ್ಕೆ ಹೊಡೆದರೆ ಮಣೆಗೆ ಬರೀ ಬೈತಲೆ. ಮೊಳೆ ಕಿತ್ತು, ಹೊಡೆದು, ಮತ್ತೆ ಕಿತ್ತು, ಗೋಡೆ ಜರಡಿಯಾಯಿತು.

"ನೀನು ಕುಳ್ಳ ಅಂತ ಮನೆಯೆಲ್ಲಾ ಕುಳ್ಳಾಗ್ಬೇಕೇನೋ?"

"ನೀನು ಒಂಚೂರು ಬಗ್ಗಿದ್ರೆ ನಡ ಮುರಿದು ಹೋಗತ್ತಾ?"

ಅಷ್ಟೇ. ಆಮೇಲೆ ಅವರ ನಡುವೆ ಉಳಿದದ್ದು ಎರಡೇ ಮಾತು. ಬಂದೆ, ಬಾ. "ಅಪ್ಪ ಇರೋ ತನಕ ಇರ್ತೀನಿ. ಆಮೇಲೆ ಈ ಮನೇಲಿ ನನಗೇನು ಕೆಲಸ?" ಎಂದು ಕಂಬ ಅಕ್ಕನಿಗೆ ಹೇಳಿದ್ದ. ಹೇಳಿದಂತೆ ಬೇರೆ ಕೋಣೆಯೊಂದನ್ನು ಬಾಡಿಗೆಗೂ ಹಿಡಿದಿದ್ದ. ಆದರೂ ತವರಿಗೆ ಬಂದಾಗಲೆಲ್ಲ ಆ ಎರಡು ಮಾತು ಕಿವಿಗೆ ಬಿದ್ದರೆ, ನೂಲು ಇನ್ನೂ ಹರಿದಿಲ್ಲವೆಂದು ಅವಳಿಗೆ ಜೀವ ಬರುತ್ತಿತ್ತು.

*

ಸ್ಮಶಾನದಿಂದ ಎಲ್ಲರೂ ಮರಳಿದಾಗ ಸಂಜೆ ಬಿಸಿಲು ಇನ್ನೂ ಇತ್ತು. ಕಂಬನ ಪೆಟ್ಟಿಗೆ ಹಗ್ಗ ಬಿಗಿಸಿಕೊಂಡು ಪ್ಯಾಸೇಜಿನಲ್ಲಿ ಕೂತಿತ್ತು.

"ಬಾಗಿಲು ಹಾಕ್ಕೊಟ್ಟು ಹೋಗ್ತೀನಮ್ಮ," ಎಂದರು ಮೀಸೆ ಮಾವ. "ಈಗ್ಲಾದ್ರೂ ಒಳಕ್ಕೆ ತೆರೆಯೋ ಹಾಗೆ..."

"ಬೇಡ ಮಾವ, ನಿಮಗೆ ಸುಸ್ತಾಗಿದೆ. ಮನೆಗೆ ಹೋಗಿ."

"ಮತ್ತೆ ಯಾರು ಹಾಕೋದು?"

"ನಾನು."

ಒಂದು ಮೊಳೆಯನ್ನೂ ನೆಟ್ಟಗೆ ಹೊಡೆದವಳಲ್ಲ ಅವಳು. ಮಾವ ಅವಳ ಮುಖ ನೋಡಿದರು, ಪೆಟ್ಟಿಗೆ ನೋಡಿದರು, ಮೀಸೆ ಒರೆಸಿಕೊಂಡು ಎದ್ದು ಹೋದರು.

ಅವಳು ಒಂದು ಬಾಗಿಲನ್ನು ಒಬ್ಬಳೇ ಎಳೆದು ತಂದು ನಿಲ್ಲಿಸಿದಳು. ಅದು ಕುಡಿದವನಂತೆ ಅವಳ ಮೇಲೇ ವಾಲಿತು.

"ಅಕ್ಕಾ!" ಎರಡು ಕೋಣೆಯಿಂದಲೂ ಇಬ್ಬರು ಹಾರಿಬಂದರು. ಕಂಬ ತುದಿ ಹಿಡಿದ, ಮಣೆ ಬುಡ ಹಿಡಿದ. ಅಕ್ಕ ಮೆಲ್ಲಗೆ ಕೈಬಿಟ್ಟು ಹಿಂದೆ ಸರಿದಳು. ಇನ್ನು ಯಾರು ಬಿಟ್ಟರೂ ಬಾಗಿಲು ಇನ್ನೊಬ್ಬನ ಮೇಲೆ ಬೀಳುವುದು ಖಂಡಿತ.

"ಎತ್ತು," ಎಂದ ಕಂಬ, ಗೋಡೆಗೆ ಹೇಳುವಂತೆ.

"ಎತ್ತಿದ್ದೀನಲ್ಲ."

"ಇನ್ನೊಂಚೂರು."

"ಇನ್ನೊಂಚೂರು ಎತ್ತಿದ್ರೆ ಸೂರು ಹಾರಿಹೋಗತ್ತೆ."

ಮೇಲಿನ ತಿರುಪು ಕಂಬ ಹಾಕಿದ, ಸ್ಟೂಲು ಬೇಕಾಗಲಿಲ್ಲ. ಕೆಳಗಿನದು ಮಣೆ ಹಾಕಿದ, ಬಗ್ಗಬೇಕಾಗಲಿಲ್ಲ. ಎರಡನೆಯದನ್ನು ಎತ್ತುವಾಗ ಕಂಬ ತಡೆದ.

"ಇದನ್ನ ಒಳಕ್ಕೆ ತೆರೆಯೋ ಹಾಗೆ ಹಾಕೋಣ. ನಿನಗೂ ತೊಂದರೆ ತಪ್ಪತ್ತೆ."

"ಒಳಕ್ಕೆ ಹಾಕಿದ್ರೆ ನಿನ್ನ ಮಂಚ?"

"ನನ್ನ ಮಂಚ ಹೇಗೂ ಇರಲ್ವಲ್ಲ."

ಮಣೆ ಬಾಗಿಲಿನ ಬುಡ ಹಿಡಿದು ಎತ್ತಿದ. "ಇರಲ್ಲ ಅಂತ ಯಾರಂದ್ರು?" ಎಂದು ಗೊಣಗಿದ. "ಹೊರಕ್ಕೇ ಹಾಕು."

ಕಂಬ ಅದನ್ನು ಹೊರಕ್ಕೇ ಕೂರಿಸಿದ. ತಿರುಪು ಬಿಗಿಸಿದ, ಮತ್ತೂ ಬಿಗಿಸಿದ, ಅದು ಇನ್ನು ತಿರುಗದಾದ ಮೇಲೂ ಬಿಗಿಸುತ್ತಲೇ ಇದ್ದ. ಆಮೇಲೆ ಪೆಟ್ಟಿಗೆಯನ್ನು ಕಾಲಿನಿಂದ ತನ್ನ ಕೋಣೆಯೊಳಕ್ಕೆ ತಳ್ಳಿದ.

ದೀಪ ಹಚ್ಚುವ ಹೊತ್ತಿಗೆ ಅಕ್ಕ ಕಾಫಿ ಹಿಡಿದು ಬಂದಳು. ಬಾಗಿಲುಗಳು ಅರೆ ತೆರೆದಿದ್ದವು. ಇಬ್ಬರೂ ಆತುರದಲ್ಲಿ ಅವನದನ್ನು ಇವನಿಗೆ, ಇವನದನ್ನು ಅವನಿಗೆ ಹಾಕಿಬಿಟ್ಟಿದ್ದರು. ಈಚೆ ಕಡೆ ಮಣೆ ಮಂಚದ ಮೇಲೆ ಹತ್ತಿ, ತುದಿಗಾಲಲ್ಲಿ ನಿಂತು, ಬಾಗಿಲಿನ ಗೂಟಕ್ಕೆ ತನ್ನ ಅಂಗಿಯನ್ನು ಎಸೆಯುತ್ತಿದ್ದ. ಆಚೆ ಕಡೆ ಕಂಬನ ಸೊಂಟಕ್ಕೂ ಬಾರದ ಗೂಟದಲ್ಲಿ ಅವನ ಅಂಗಿ ತೂಗುತ್ತಿತ್ತು, ಅದರ ಎರಡೂ ತೋಳು ನೆಲದ ಮೇಲೆ ಹಾಯಾಗಿ ಕಾಲು ಚಾಚಿದ್ದವು.